ಆರದ ಉರಿ: ನೈಜರ್ ಮುಖಜಭೂಮಿಯ ಅನಿಲಜ್ವಾಲೆಯೂ ಅದರ ಸಾಹಿತ್ಯವೂ

1992ರಲ್ಲಿ ಅಮಿತಾವ್ ಘೋಷ್ ಅವರು ಅರಬ್ಬೀ ಕಾದಂಬರಿಕಾರ ಅಬ್ದುಲ್ ರಹಮಾನ್ ಮುನೀಫರ ಕೃತಿಯೊಂದನ್ನು ವಿಮರ್ಶಿಸುತ್ತ, ಸಂಬಾರ ಪದಾರ್ಥಗಳ ವ್ಯಾಪಾರವು ಹಿಂದೆ ಒಂದು ಸಾಹಿತ್ಯವನ್ನೇ ಹುಟ್ಟಿಸಿದ್ದಾಗ, ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಲೋಕವನ್ನು ಅಲುಗಿಸಿದ ಕಲ್ಲೆಣ್ಣೆಯು ಸಾಹಿತ್ಯದಲ್ಲಿ ಏಕೆ ಇಷ್ಟು ಮೂಕವಾಗಿದೆ ಎಂಬ ಪ್ರಶ್ನೆಯನ್ನೆತ್ತಿದರು. ಆ ಪ್ರಶ್ನೆಯನ್ನು ನಾವು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಕಲ್ಲೆಣ್ಣೆಗೆ ಬಣ್ಣವುಂಟು, ಜಿಡ್ಡುಂಟು. ಅದು ಹೊಳೆಯ ಮೇಲೆ ಹರಡಿದರೆ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಅಂಟುತ್ತದೆ. ಅದರೊಡನೆಯೇ ನೆಲದಿಂದ ಮೇಲೇಳುವ ನೈಸರ್ಗಿಕ ಅನಿಲಕ್ಕೆ ಇವು ಯಾವುವೂ ಇಲ್ಲ. ಉರಿಯುವಾಗ ಮಾತ್ರ ಅದು ಗೋಚರ. ಹಾಗೆ ಉರಿಯುವುದನ್ನು ನೈಜೀರಿಯದ ನೈಜರ್ ಮುಖಜಭೂಮಿಯ ಜನ ಅರ್ಧ ಶತಮಾನಕ್ಕೂ ಮೀರಿ ನೋಡುತ್ತ ಬಂದಿದ್ದಾರೆ. ಈ ಉರಿಯು ಅಲ್ಲಿಯ ಬರವಣಿಗೆಯಲ್ಲಿ ಯಾವ ರೂಪವನ್ನು ಪಡೆದಿದೆ, ಎಲ್ಲಿ ಸಾರ್ಥಕವಾಗಿದೆ, ಎಲ್ಲಿ ಬರಿಯ ಅಲಂಕಾರವಾಗಿ ನಿಂತಿದೆ ಎಂಬುದೇ ಪ್ರಕೃತ ವಿವೇಚನೆಯ ವಿಷಯ.

ಮೊದಲು ವಸ್ತುಸ್ಥಿತಿಯನ್ನು ತಿಳಿಯದೆ ಕಾವ್ಯದ ಮಾತಿಗೆ ಹೋಗುವುದು ತರವಲ್ಲ. 1956ರಲ್ಲಿ ಷೆಲ್-ಬಿ.ಪಿ. ಸಂಸ್ಥೆಗೆ ಓಲೊಯಿಬಿರಿ ಎಂಬಲ್ಲಿ ವ್ಯಾಪಾರಯೋಗ್ಯವಾದ ಎಣ್ಣೆ ದೊರೆಯಿತು. 1958ರಲ್ಲಿ ರಫ್ತು ತೊಡಗಿತು. ದೇಶ ಸ್ವತಂತ್ರವಾದದ್ದು 1960ರಲ್ಲಿ. ಹೀಗೆ ಸ್ವಾತಂತ್ರ್ಯಕ್ಕಿಂತ ಮೊದಲೇ ಕಂಪನಿ ಅಲ್ಲಿ ನೆಲೆಯೂರಿತ್ತು. ಎಣ್ಣೆಯಲ್ಲಿ ಕರಗಿದ ಅನಿಲವು ಒತ್ತಡ ಇಳಿದೊಡನೆ ಬೇರೆಯಾಗುತ್ತದೆ. ಅದನ್ನು ಮತ್ತೆ ನೆಲದೊಳಕ್ಕೆ ತುಂಬಬಹುದು, ಕೊಳವೆಯಲ್ಲಿ ಸಾಗಿಸಿ ಮಾರಬಹುದು, ಇಲ್ಲವೆ ಕೊಳವೆಯ ಬಾಯಿಗೆ ಬೆಂಕಿಯಿಟ್ಟು ಉರಿಸಿಬಿಡಬಹುದು. ಮೊದಲೆರಡಕ್ಕೆ ಹಣ ಬೇಕು. ಮೂರನೆಯದಕ್ಕೆ ಬೆಂಕಿಕಡ್ಡಿ ಸಾಕು. 1979ರಲ್ಲಿ ನೈಜೀರಿಯ ಸರಕಾರ ಒಂದು ಕಾಯಿದೆಯನ್ನು ಮಾಡಿ, 1984ರ ಜನವರಿ 1ರಿಂದ ಮಂತ್ರಿಯ ಅನುಮತಿಯಿಲ್ಲದೆ ಅನಿಲವನ್ನು ಉರಿಸಕೂಡದೆಂದು ವಿಧಿಸಿತು. ಅನುಮತಿ ದೊರೆಯುತ್ತ ಹೋಯಿತು. ದಂಡವೂ ಇತ್ತು, ಆದರೆ ಅನಿಲವನ್ನು ಉಳಿಸುವುದಕ್ಕಿಂತ ದಂಡ ತೆರುವುದೇ ಅಗ್ಗವಾಗಿತ್ತು. 1998ರ ದರದಂತೆ ಸಾವಿರ ಘನ ಅಡಿಗೆ ಹತ್ತು ನೈರಾ. 2018ರ ನಿಯಮಗಳು ಬರುವ ತನಕ ದೊಡ್ಡ ಉತ್ಪಾದಕರಿಗೆ ಆ ದಂಡ ಎರಡು ಡಾಲರಿನ ಮಟ್ಟಕ್ಕೆ ಏರಲಿಲ್ಲ. ಇಲ್ಲಿ ಇನ್ನೊಂದು ಸಂಗತಿಯನ್ನು ವಾಚಕರು ಮರೆಯಬಾರದು: ಷೆಲ್ ನಡೆಸುತ್ತಿದ್ದ ಭೂಭಾಗದ ಪಾಲುದಾರಿಕೆಯಲ್ಲಿ ಸರಕಾರಿ ತೈಲಸಂಸ್ಥೆಯ ಭಾಗ ನೂರಕ್ಕೆ 55, ಷೆಲ್‌ನದು 30, ಉಳಿದದ್ದು ಫ್ರೆಂಚ್ ಮತ್ತು ಇಟಾಲಿಯನ್ ಕಂಪನಿಗಳದು. ದಂಡ ವಿಧಿಸುವವನೂ ದಂಡ ತೆರುವವನೂ ಒಂದೇ ಮನೆಯವರಾದರೆ ನ್ಯಾಯದ ಗತಿ ಏನಾಗುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ವಿಮರ್ಶೆಯ ಅಳತೆಗೋಲು. ನಮ್ಮ ಅಲಂಕಾರಿಕರು ವಿಭಾವವನ್ನು ಆಲಂಬನ, ಉದ್ದೀಪನ ಎಂದು ಎರಡಾಗಿ ವಿಂಗಡಿಸಿದರು. ಭಾವವು ಯಾವುದನ್ನು ಆಶ್ರಯಿಸಿ ಹುಟ್ಟುತ್ತದೆಯೋ ಅದು ಆಲಂಬನ. ಹುಟ್ಟಿದ ಭಾವವನ್ನು ಕೆರಳಿಸುವ ಚಂದ್ರೋದಯ, ಉದ್ಯಾನ ಮೊದಲಾದುವು ಉದ್ದೀಪನ. ಈ ಭೇದವನ್ನು ಪರದೇಶದ ಈ ಬರವಣಿಗೆಗೆ ಅನ್ವಯಿಸುವುದು ಬಲಾತ್ಕಾರವೆಂದು ಕೆಲವರು ಆಕ್ಷೇಪಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ನೈಜರ್ ಮುಖಜಭೂಮಿಯನ್ನು ಕುರಿತ ಅನೇಕ ಬರಹಗಳಲ್ಲಿ ಅನಿಲಜ್ವಾಲೆಯು ದಿಗಂತದಲ್ಲಿ ಕೆಂಪಗೆ ನಿಂತು, ಮುಂಭಾಗದಲ್ಲಿ ನಡೆಯುವ ಕೊಲೆ, ಅಪಹರಣ, ಭ್ರಷ್ಟಾಚಾರಗಳಿಗೆ ಹಿನ್ನೆಲೆಯಾಗುತ್ತದೆ. ಶೃಂಗಾರಕ್ಕೆ ಚಂದ್ರನಿದ್ದಂತೆ ಅಲ್ಲಿಯ ಭಯಾನಕಕ್ಕೆ ಈ ಉರಿ. ಅದು ಸ್ವತಃ ಏನು ಮಾಡುತ್ತದೆ, ಯಾರಿಗೆ ಮಾಡುತ್ತದೆ, ಯಾರು ಅದನ್ನು ಹೊತ್ತಿಸಿದರು ಎಂಬುದು ಕಥೆಯ ವಿಷಯವೇ ಆಗುವುದಿಲ್ಲ. ಉದ್ದೀಪನವಾಗಿರುವುದು ಯಾವಾಗ ಆಲಂಬನವಾಗುತ್ತದೆ? ಇದೇ ನಮ್ಮ ಪ್ರಶ್ನೆ.

ಕೆನ್ ಸಾರೋ-ವೀವಾ ಅವರಿಂದ ಆರಂಭಿಸುವುದು ಅನಿವಾರ್ಯ. ಓಗೋನಿ ಜನಾಂಗದ ಈ ಲೇಖಕರು ಕಾದಂಬರಿಕಾರರು, ಪ್ರಕಾಶಕರು, ದೂರದರ್ಶನದ ಹಾಸ್ಯಮಾಲೆಯೊಂದರಿಂದ ದೇಶಕ್ಕೆಲ್ಲ ಪರಿಚಿತರಾದವರು. 1990ರ ಓಗೋನಿ ಹಕ್ಕುಗಳ ಘೋಷಣೆಯ ಹಿಂದೆಯೂ, 1993ರ ಜನವರಿ 4ರ ಮಹಾಪ್ರದರ್ಶನದ ಹಿಂದೆಯೂ ಅವರಿದ್ದರು. 1994ರ ಮೇ ತಿಂಗಳಲ್ಲಿ ನಾಲ್ವರು ಓಗೋನಿ ಮುಖಂಡರ ಕೊಲೆಯಾದಾಗ ಸೈನಿಕ ಸರಕಾರ ಅವರನ್ನು ಬಂಧಿಸಿತು. ವಿಶೇಷ ನ್ಯಾಯಮಂಡಲಿಯ ವಿಚಾರಣೆಯಾದ ಮೇಲೆ 1995ರ ನವೆಂಬರ್ 10ರಂದು ಇತರ ಎಂಟು ಮಂದಿಯೊಡನೆ ಪೋರ್ಟ್ ಹಾರ್ಕೋರ್ಟಿನಲ್ಲಿ ಗಲ್ಲಿಗೇರಿಸಿತು. ಇಂಥ ಮರಣವನ್ನು ಪಡೆದ ಲೇಖಕನ ಗದ್ಯವನ್ನು ತೂಗಿ ನೋಡುವುದು ಅಪಚಾರವೆಂಬ ಭಾವನೆ ವಿಮರ್ಶಕರಲ್ಲಿ ಬೇರೂರಿದೆ. ಇದನ್ನು ನಾವು ಒಪ್ಪಲಾರೆವು. ಹುತಾತ್ಮನ ಬರಹವನ್ನು ಪೂಜೆಗಿಟ್ಟು ಓದದೆ ಬಿಡುವುದು ಅವನಿಗೆ ಸಲ್ಲಿಸುವ ಗೌರವವೆಂದು ಯಾರು ತಾನೆ ಹೇಳಿಯಾರು?

1993ರ ಜೂನ್ 21ರಂದು ಅವರನ್ನು ಹಿಡಿದು ಒಂದು ತಿಂಗಳು ಒಂದು ದಿನ ಬಂಧನದಲ್ಲಿಟ್ಟ ವೃತ್ತಾಂತವೇ 1995ರಲ್ಲಿ ಪ್ರಕಟವಾದ ‘ಎ ಮಂತ್ ಅಂಡ್ ಎ ಡೇ’. ಈ ಗ್ರಂಥದಲ್ಲಿ ಎರಡು ಕೈಗಳು ಕೆಲಸ ಮಾಡಿವೆ. ಒಂದು, ಕಾದಂಬರಿಕಾರನ ಕೈ: ಕಾವಲಿನವರ ಗೊಂದಲ, ಯಾರ ಆಜ್ಞೆಯೆಂದು ಯಾರಿಗೂ ತಿಳಿಯದಿರುವುದು, ಪೋರ್ಟ್ ಹಾರ್ಕೋರ್ಟಿನಿಂದ ಲಾಗೋಸಿಗೆ, ಅಲ್ಲಿಂದ ಓವೆರಿಗೆ ಕೈದಿಯನ್ನು ಸರಕಿನಂತೆ ಸಾಗಿಸುವುದು. ಇವೆಲ್ಲ ಸಂಯಮದಿಂದ, ಅಲ್ಲಲ್ಲಿ ನಗೆಯಿಂದ ಬಂದಿವೆ. ಇನ್ನೊಂದು ಅರ್ಜಿದಾರನ ಕೈ. ಭಾಷಣಗಳು, ಮನವಿಗಳು, ಘೋಷಣೆಗಳು ದಿನಚರಿಯ ನಡುನಡುವೆ ಇಡಿಯಾಗಿ ಬಂದು ಕೂರುತ್ತವೆ. ಅನಿಲಜ್ವಾಲೆಯ ಪ್ರಸ್ತಾಪ ಹೆಚ್ಚಾಗಿ ಬರುವುದು ಈ ಎರಡನೆಯ ಕೈಯಲ್ಲಿಯೇ ಎಂಬುದು ಗಮನಾರ್ಹ. ಅಲ್ಲಿ ಅದು ದೋಷಾರೋಪಣೆಯ ಪಟ್ಟಿಯಲ್ಲಿ ಒಂದು ಅಂಶ. ನೋಡಿದ ಉರಿಯಲ್ಲ, ಎಣಿಸಿದ ಉರಿ.

ಎಣಿಕೆಗೆ ತನ್ನದೇ ಆದ ಶಕ್ತಿಯಿದೆಯೆಂಬುದನ್ನು ಅಲ್ಲಗಳೆಯಲಾಗದು. ಮೂವತ್ತು ವರ್ಷಗಳಲ್ಲಿ ಓಗೋನಿ ನೆಲದಿಂದ ಮೂರು ಸಾವಿರ ಕೋಟಿ ಡಾಲರಿಗೂ ಮೀರಿದ ಎಣ್ಣೆ ಹೋಯಿತೆಂದೂ, ಅದಕ್ಕೆ ಪ್ರತಿಯಾಗಿ ಬಂದದ್ದು ಏನೂ ಇಲ್ಲವೆಂದೂ ಹಕ್ಕುಗಳ ಘೋಷಣೆ ಹೇಳಿತು. ಕಂಪನಿ ಆ ಮೊತ್ತವನ್ನು ಒಪ್ಪಲಿಲ್ಲ. ಲೆಕ್ಕದ ಮೇಲೆ ನಿಲ್ಲಿಸಿದ ವಾದವನ್ನು ಇನ್ನೊಂದು ಲೆಕ್ಕದಿಂದ ಎದುರಿಸಬಹುದು. ಇದೇ ಅದರ ದೌರ್ಬಲ್ಯ. 1992ರ ‘ಜೆನೊಸೈಡ್ ಇನ್ ನೈಜೀರಿಯ’ದ ಶೀರ್ಷಿಕೆಯನ್ನು ಕುರಿತೂ ಇದೇ ಬಗೆಯ ಸಂದೇಹ ಏಳುತ್ತದೆ. ಜನಾಂಗಹತ್ಯೆ ಎಂಬ ಪದಕ್ಕೆ 1948ರ ಒಪ್ಪಂದ ಕೊಟ್ಟಿರುವ ಅರ್ಥದಲ್ಲಿ ನಾಶಮಾಡುವ ಸಂಕಲ್ಪ ಮುಖ್ಯ. ಕಂಪನಿಗೆ ಅಂಥ ಸಂಕಲ್ಪವಿತ್ತೆಂದು ತೋರಿಸುವುದು ಕಷ್ಟ; ಅದಕ್ಕಿದ್ದದ್ದು ಅಲಕ್ಷ್ಯ. ಹಾಗಾದರೆ ಲೇಖಕರು ಅತಿಯಾಗಿ ನುಡಿದರೆ? ನಮ್ಮ ಅಭಿಪ್ರಾಯದಲ್ಲಿ ಅವರಿಗೆ ಬೇಕಾಗಿದ್ದ ಪದ ಆಗ ಭಾಷೆಯಲ್ಲಿರಲಿಲ್ಲ. ಯಾರೂ ಕೊಲ್ಲಲು ಹೊರಡದೆ, ಯಾವ ದಿನವೂ ಸುದ್ದಿಯಾಗದೆ, ನೆಲವೂ ನೀರೂ ಶ್ವಾಸಕೋಶವೂ ಸವೆಯುತ್ತ ಹೋಗುವ ಕ್ರಿಯೆಗೆ ‘ಮಂದ ಹಿಂಸೆ’ ಎಂಬ ಹೆಸರನ್ನು ರಾಬ್ ನಿಕ್ಸನ್ ಕೊಟ್ಟದ್ದು 2011ರಲ್ಲಿ. ಆ ಗ್ರಂಥದಲ್ಲಿ ಸಾರೋ-ವೀವಾ ಅವರಿಗೇ ಒಂದು ಅಧ್ಯಾಯ ಮೀಸಲಾಗಿದೆ. ಹತ್ತಿರದ ಪದ ಸಿಗದಾಗ ದೊಡ್ಡ ಪದವನ್ನು ಎತ್ತಿಕೊಳ್ಳುವುದು ಹೋರಾಟಗಾರರ ವಾಡಿಕೆ. ಸಾಹಿತಿಗೆ ಬೇರೆ ದಾರಿಯೂ ಇತ್ತು. ಆ ದಾರಿಯನ್ನು ಅವರೇ ಮೊದಲು ತುಳಿದಿದ್ದರು.

1986ರ ‘ಎ ಫಾರೆಸ್ಟ್ ಆಫ್ ಫ್ಲವರ್ಸ್’ ಸಂಕಲನದ ‘ನೈಟ್ ರೈಡ್’ ಎಂಬ ಕಥೆಯನ್ನು ನೋಡಿ. ರಾತ್ರಿ ಪ್ರಯಾಣಮಾಡುತ್ತಿರುವ ಅಧಿಕಾರಿಯೊಬ್ಬನಿಗೆ ಒಬ್ಬ ಮುದುಕಿಯ ನೆನಪಾಗುತ್ತದೆ. ಕಂಪನಿಯವರು ಬಂದು ಅವಳಿಗಿದ್ದ ಒಂದೇ ಹೊಲವನ್ನು ಅಗೆದು ಹಾಕಿದ್ದಾರೆ, ಪರಿಹಾರ ಕೊಡುವರಂತೆ, ಆದರೆ ಗಿಡ ಚಿಗುರುವುದನ್ನು ನೋಡುವ ಸಂತೋಷಕ್ಕೆ ಪರಿಹಾರ ಯಾವುದು ಎಂದು ಅವಳು ಕೇಳುತ್ತಾಳೆ. ವಿಚಾರಿಸುತ್ತೇನೆ ಎಂದು ಅವನು ಹೇಳಿ ಕಳುಹಿಸಿದ್ದಾನೆ. ಅದು ಸುಳ್ಳೆಂದು ಅವನಿಗೇ ಗೊತ್ತು. ಇಲ್ಲಿ ಅಂಕಿಯಿಲ್ಲ, ಆರೋಪವಿಲ್ಲ. ಕಂಪನಿಗೂ ಮುದುಕಿಗೂ ನಡುವೆ ನಿಂತ ಸುಶಿಕ್ಷಿತನ ನಾಚಿಕೆ ಇದೆ, ಮತ್ತು ಆ ನಾಚಿಕೆಯಿಂದಲೇ ಓದುಗನಿಗೆ ಎಲ್ಲವೂ ತಿಳಿಯುತ್ತದೆ. ಮಂದ ಹಿಂಸೆಯನ್ನು ಹೆಸರಿಸದೆಯೇ ಧ್ವನಿಸಿದ ಈ ಒಂದು ಭಾಗಕ್ಕೆ ‘ಜೆನೊಸೈಡ್’ ಗ್ರಂಥದ ಎಷ್ಟೋ ಪುಟಗಳು ಸಮನಾಗಲಾರವು. ‘ಸೋಜಾಬಾಯ್’ (1985) ಕಾದಂಬರಿಯಲ್ಲಿ ಮುರುಕು ಇಂಗ್ಲಿಷಿನಿಂದ ಒಬ್ಬ ಅಮಾಯಕ ಸೈನಿಕನ ಲೋಕವನ್ನೇ ಕಟ್ಟಿದ್ದ ಲೇಖಕರು, ಕಂಪನಿಯನ್ನು ಕುರಿತು ಬರೆಯುವಾಗ ಆ ನುಡಿಯನ್ನು ಬಿಟ್ಟು ವಕೀಲರ ಇಂಗ್ಲಿಷನ್ನು ಹಿಡಿದರು. ಲಂಡನ್ನಿಗೂ ಜಿನೀವಾಕ್ಕೂ ಕೇಳಿಸಬೇಕಾಗಿತ್ತು ಎಂಬುದು ಅದಕ್ಕೆ ಸಮಾಧಾನ. ಕೇಳಿಸಿತು ಎಂಬುದೂ ನಿಜ. ಆದರೂ ಉರಿಯ ಪಕ್ಕದಲ್ಲಿ ಮಲಗುವವನ ನುಡಿಯಲ್ಲಿ ಆ ಉರಿಯ ಕಥೆಯನ್ನು ಅವರು ಬರೆಯಲಿಲ್ಲವಲ್ಲ ಎಂಬ ಕೊರತೆ ನಮಗೆ ಉಳಿಯುತ್ತದೆ.

ಬೆನ್ ಓಕ್ರಿ ಅವರ ‘ವಾಟ್ ದಿ ಟ್ಯಾಪ್‌ಸ್ಟರ್ ಸಾ’ (1988) ಬೇರೆಯೇ ಜಾಡಿನದು. ತಾಳೆಯ ಮರದಿಂದ ಬಿದ್ದ ಹೆಂಡ ಇಳಿಸುವವನು ಎಣ್ಣೆಕಂಪನಿ ತನ್ನದೆಂದು ಬೋರ್ಡು ನೆಟ್ಟ ನೆಲದಲ್ಲಿ, ಸತ್ತನೋ ಇದ್ದಾನೋ ತಿಳಿಯದ ಸ್ಥಿತಿಯಲ್ಲಿ ಅಲೆಯುತ್ತಾನೆ. ಟುಟುವೊಲಾ ಅವರ ಅದ್ಭುತಲೋಕಕ್ಕೆ ಎಣ್ಣೆಯ ವಾಸನೆ ಹತ್ತಿದರೆ ಹೀಗಾಗುತ್ತದೆ. ಜೆನ್ನಿಫರ್ ವೆನ್ಜೆಲ್ ಅವರು ಇದನ್ನು ಎಣ್ಣೆಯ ಮಾಯಾವಾಸ್ತವವೆಂದು ಕರೆದು ಚೆನ್ನಾಗಿ ವಿವೇಚಿಸಿದ್ದಾರೆ. ಹೆಚ್ಚಿನ ಚರ್ಚೆ ಇಲ್ಲಿ ಬೇಡ.

ಉರಿಯು ನಿಜವಾಗಿ ಆಲಂಬನವಾದದ್ದು, ನಾವು ಇಲ್ಲಿ ಎತ್ತಿಕೊಂಡ ಕೃತಿಗಳ ಮಟ್ಟಿಗೆ, ಹೆಲೋನ್ ಹಬೀಲಾ ಅವರ ‘ಆಯಿಲ್ ಆನ್ ವಾಟರ್’ (2010) ಕಾದಂಬರಿಯ ಒಂದು ಉಪಾಖ್ಯಾನದಲ್ಲಿ. ಕುತೂಹಲದ ಸಂಗತಿಯೆಂದರೆ ಹಬೀಲಾ ಮುಖಜಭೂಮಿಯವರಲ್ಲ. ಉತ್ತರದ ಗೊಂಬೆ ಪ್ರಾಂತದವರು. ಬ್ರಿಟಿಷ್ ಇಂಜಿನಿಯರನ ಹೆಂಡತಿಯ ಅಪಹರಣವನ್ನು ಬೆನ್ನಟ್ಟಿದ ಇಬ್ಬರು ಪತ್ರಕರ್ತರ ಕಥೆ ಇದರ ಹೊರಮೈ. ಆ ಹೊರಮೈ ಪತ್ತೇದಾರಿಯ ಚೌಕಟ್ಟನ್ನು ಪೂರ್ತಿ ಕಳಚಿಕೊಂಡಿಲ್ಲ. ಆದರೆ ನಡುವೆ ಒಬ್ಬ ವೈದ್ಯ ತಾನು ಕಂಡ ಹಳ್ಳಿಯೊಂದರ ಕಥೆಯನ್ನು ಹೇಳುತ್ತಾನೆ. ವಿದ್ಯುತ್ತಿಲ್ಲದ ಆ ಹಳ್ಳಿಯವರಿಗೆ ನೆರೆಯೂರಿನ ಕಿತ್ತಳೆ ಬಣ್ಣದ ಉರಿಯನ್ನು ಕಂಡು ಆಸೆಯಾಗುತ್ತದೆ; ನಮಗೂ ಅಂಥದೊಂದು ಬೇಕು ಎನ್ನುತ್ತಾರೆ. ಎಣ್ಣೆ ಸಿಕ್ಕುತ್ತದೆ, ಉರಿ ಬರುತ್ತದೆ, ಹಬ್ಬವಾಗುತ್ತದೆ. ಹಗಲು ರಾತ್ರಿಗಳ ಭೇದ ಅಳಿಯುತ್ತದೆ, ದೀಪ ಬೇಡವಾಗುತ್ತದೆ. ಆಮೇಲೆ ದನಕರುಗಳು ಸಾಯತೊಡಗುತ್ತವೆ, ಗಿಡಗಳು ಬಾಡುತ್ತವೆ, ಕೊನೆಗೆ ಮನುಷ್ಯರು. ವೈದ್ಯನು ನೀರನ್ನು ಪರೀಕ್ಷಿಸಿ ಕಂಪನಿಯವರಿಗೆ ಕೊಂಡೊಯ್ದರೆ ಅವರು ವಂದಿಸಿ ಹಣ ಕೊಡಬರುತ್ತಾರೆ.

ಈ ಉಪಾಖ್ಯಾನದ ಹಿರಿಮೆ ಇರುವುದು ಸಾವುಗಳಲ್ಲಲ್ಲ, ಆಸೆಯಲ್ಲಿ. ಹಳ್ಳಿಯವರೇ ಉರಿಯನ್ನು ಬಯಸಿದರು ಎಂಬ ಒಂದು ಸಂಗತಿಯಿಂದ ಕಥೆಯು ಖಳ-ಬಲಿಗಳ ಸರಳ ಗಣಿತದಿಂದ ಪಾರಾಗಿದೆ. ನಮ್ಮ ಪಂಪನೂ ವ್ಯಾಸಾನುಸಾರಿಗಳೂ ವರ್ಣಿಸಿದ ಖಾಂಡವದಹನವನ್ನು ಇದರೊಡನೆ ಇಟ್ಟು ನೋಡಿದರೆ ಭೇದ ತಿಳಿಯುತ್ತದೆ. ಅಲ್ಲಿ ಬೆಂಕಿಗೆ ಹಸಿವುಂಟು, ಬೇಡುವ ಬಾಯುಂಟು, ಕಾಯುವ ವೀರರುಂಟು. ತಪ್ಪಿಸಿಕೊಳ್ಳುವ ಪ್ರಾಣಿಗಳ ಆರ್ತನಾದವೂ ಉಂಟು. ತಣಿದ ಮೇಲೆ ಬೆಂಕಿ ನಿಲ್ಲುತ್ತದೆ. ಕೊಳವೆಯ ಬಾಯಿಯ ಉರಿಗೆ ಹಸಿವಿಲ್ಲ. ಅದು ಏನನ್ನೂ ಬೇಡುವುದಿಲ್ಲ. ಬೇಡವಾದುದನ್ನು ಕಳೆಯುವುದಷ್ಟೇ ಅದರ ಕೆಲಸ. ತಣಿವೇ ಇಲ್ಲದ್ದರಿಂದ ಕೊನೆಯೂ ಇಲ್ಲ. ಇಂಥ ಬೆಂಕಿಗೆ ಮಹಾಕಾವ್ಯದ ವರ್ಣನೆ ಒದಗದೆಂದು ಅರಿತೇ ಹಬೀಲಾ ಅದನ್ನು ತಗ್ಗಿದ ದನಿಯ ವರದಿಯಂತೆ ಹೇಳಿಸಿದ್ದಾರೆಂದು ತೋರುತ್ತದೆ. ಉಪಾಖ್ಯಾನದ ಕೊನೆಯಲ್ಲಿ ವೈದ್ಯನು ಪತ್ರಿಕೆಯ ಅಗ್ರಲೇಖನದಂತೆ ಮಾತನಾಡತೊಡಗುವುದು ಮಾತ್ರ ರಸಭಂಗ.

ಆದರೂ ವಾಸ್ತವವು ಕಾದಂಬರಿಗಿಂತ ಒಂದು ಹೆಜ್ಜೆ ಮುಂದಿದೆ. ಮುಖಜಭೂಮಿಯ ಕೆಲವು ಊರುಗಳಲ್ಲಿ ಹೆಂಗಸರು ಮರಗೆಣಸಿನಿಂದ ಮಾಡಿದ ಕ್ಪೋಕ್ಪೋ ಗರಿಯನ್ನು ಈ ಉರಿಯ ಕಾವಿನಲ್ಲಿ ಹರವಿ ಒಣಗಿಸುತ್ತ ಬಂದಿದ್ದಾರೆ. ಮಳೆನಾಡಿನಲ್ಲಿ ಬಿಸಿಲು ನಂಬಲಾಗದು, ಸೌದೆಗೆ ದುಡ್ಡು ಬೇಕು, ಉರಿ ಪುಕ್ಕಟೆ. ತಮ್ಮ ಉಸಿರನ್ನು ಕೆಡಿಸುವ ಬೆಂಕಿಯನ್ನೇ ಒಲೆಯಾಗಿಸಿಕೊಂಡ ಈ ಹೆಂಗಸರ ಜಾಣ್ಮೆ ಕರುಣವೋ, ಬೀಭತ್ಸವೋ, ಅದ್ಭುತವೋ? ಯಾವ ಒಂದು ರಸಕ್ಕೂ ಇದು ಸುಲಭವಾಗಿ ಒಗ್ಗುವುದಿಲ್ಲ. ಛಾಯಾಗ್ರಾಹಕರು ಇದನ್ನು ಮತ್ತೆ ಮತ್ತೆ ಹಿಡಿದಿದ್ದಾರೆ. ಚಿತ್ರದಲ್ಲಿ ಹೆಂಗಸರು ಬಲಿಗಳಾಗಿ ಮಾತ್ರ ಕಾಣುತ್ತಾರೆ, ಅವರ ಮಾತು ಕೇಳುವುದಿಲ್ಲ. ಅದನ್ನು ಕೇಳಿಸಬಲ್ಲ ಪರಂಪರೆ ಆ ನಾಡಿನಲ್ಲಿ ಇಲ್ಲದೆ ಇಲ್ಲ. ಉರ್ಹೋಬೊ ಜನರ ‘ಉಡ್ಜೆ’ ಎಂಬ ಕುಣಿತದ ಹಾಡುಗಳು ಎದುರಾಳಿಯನ್ನು ಹೆಸರು ಹಿಡಿದು ಗೇಲಿ ಮಾಡುವ ಹಾಡುಗಳು. ಅವನ್ನು ಸಂಗ್ರಹಿಸಿ ಅಭ್ಯಾಸ ಮಾಡಿದ ಕವಿ ತನೂರೆ ಓಜೈಡೆ ತಮ್ಮ ‘ಡೆಲ್ಟಾ ಬ್ಲೂಸ್ ಅಂಡ್ ಹೋಮ್ ಸಾಂಗ್ಸ್’ (1998) ಸಂಕಲನದಲ್ಲಿ ಸಾರೋ-ವೀವಾ ಅವರ ಮರಣಕ್ಕೆ ಮರುಗಿದ್ದಾರೆ, ಕೆಟ್ಟ ಹೊಳೆಗಳಿಗಾಗಿ ಹಾಡಿದ್ದಾರೆ. ಆದರೆ ಶೋಕಕ್ಕೆ ಅವರು ಕೊಟ್ಟ ಜಾಗ ಗೇಲಿಗೆ ಕೊಟ್ಟದ್ದಕ್ಕಿಂತ ಹೆಚ್ಚು. ಕಂಪನಿಯು ಶೋಕಗೀತೆಗೆ ಅಂಜುವುದೆಂದು ನಮಗೆ ತೋರುವುದಿಲ್ಲ. ಗೇಲಿಗೆ ಅಂಜಿದರೂ ಅಂಜಬಹುದು.

ಕವಿಗಳ ಮಾತು ಹೀಗಿರಲು, ಇದೇ ಉರಿಯನ್ನು ಕುರಿತು ಬೇರೆ ಗದ್ಯಗಳೂ ಹುಟ್ಟಿವೆ. ಅವನ್ನು ವಿಮರ್ಶೆಯ ಹೊರಗಿಡಲು ಕಾರಣವಿಲ್ಲ. ಕಂಪನಿಗಳ ವಾರ್ಷಿಕ ವರದಿಗಳ ವ್ಯಾಕರಣದಲ್ಲಿ ಅನಿಲ ‘ಉರಿಸಲ್ಪಡುತ್ತದೆ’, ಉರಿಸುವವನು ವಾಕ್ಯದಲ್ಲಿಲ್ಲ. ತಡವಾದದ್ದೇಕೆಂದರೆ ಪಾಲುದಾರ ಸರಕಾರ ತನ್ನ ಪಾಲಿನ ಹಣ ಒದಗಿಸಲಿಲ್ಲ, ಸಶಸ್ತ್ರ ಗುಂಪುಗಳ ಹಾವಳಿಯಿತ್ತು ಎಂಬ ಉತ್ತರ ಬರುತ್ತದೆ. ಈ ಕಾರಣಗಳು ಸುಳ್ಳಲ್ಲ. ಆದರೆ ಕರ್ತೃವು ಕಾಣಿಸಿಕೊಳ್ಳುವುದು ತನ್ನ ಕ್ರಿಯೆಗಲ್ಲ, ಇತರರ ಲೋಪಕ್ಕೆ ಮಾತ್ರ ಎಂಬುದು ಈ ಗದ್ಯದ ಲಕ್ಷಣ. ಇದಕ್ಕೆ ಎದುರಾಗಿ 2005ರ ನವೆಂಬರ್ 14ರಂದು ಬೆನಿನ್ ನಗರದ ಫೆಡರಲ್ ಉಚ್ಚ ನ್ಯಾಯಾಲಯ ಇವೆರೆಕಾನ್ ಸಮುದಾಯದ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪನ್ನು ಓದಬೇಕು. ಅನಿಲವನ್ನು ಉರಿಸುವುದು ಆ ಜನರ ಜೀವಿಸುವ ಹಕ್ಕಿಗೂ ಮಾನವ ಘನತೆಗೂ ವಿರುದ್ಧವೆಂದೂ, ಅದಕ್ಕೆ ಎಡೆಗೊಟ್ಟ ಕಾಯಿದೆಯ ವಿಧಿಯೇ ಸಂವಿಧಾನಕ್ಕೆ ಹೊಂದದೆಂದೂ ನ್ಯಾಯಾಲಯ ಸಾರಿತು. ಅಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಮೂರೂ ತಮ್ಮ ತಮ್ಮ ಸ್ಥಾನದಲ್ಲಿವೆ. ವಾಕ್ಯ ನೆಟ್ಟಗಾಯಿತು; ಉರಿ ಆರಲಿಲ್ಲ. ತೀರ್ಪು ಕಾರ್ಯಗತವಾಗಲಿಲ್ಲ. ಪದಗಳ ವಿಚಾರ ಬಂದಾಗ ಇನ್ನೊಂದನ್ನು ಹೇಳಿಬಿಡಬಹುದು: 2025ರ ಜೂನ್ ತಿಂಗಳಲ್ಲಿ ನೈಜೀರಿಯದ ಅಧ್ಯಕ್ಷರು ಸಾರೋ-ವೀವಾ ಮತ್ತು ಸಂಗಡಿಗರಿಗೆ ‘ಕ್ಷಮೆ’ಯನ್ನು ಘೋಷಿಸಿದರು. ಅಪರಾಧವನ್ನು ಒಪ್ಪಿಕೊಂಡ ಮೇಲಲ್ಲವೇ ಕ್ಷಮೆ ಎಂದು ಅವರ ಬೆಂಬಲಿಗರು ಕೇಳಿದ್ದು ವ್ಯಾಕರಣದ ಪ್ರಶ್ನೆಯೂ ಹೌದು. ಅವರ ಮನೆಯವರು ಅಮೆರಿಕದಲ್ಲಿ ಹೂಡಿದ್ದ ವ್ಯಾಜ್ಯವನ್ನು ಕಂಪನಿ 2009ರಲ್ಲಿ ಒಂದು ಕೋಟಿ ಐವತ್ತೈದು ಲಕ್ಷ ಡಾಲರು ಕೊಟ್ಟು, ತಪ್ಪನ್ನು ಒಪ್ಪದೆಯೇ, ಮುಗಿಸಿಕೊಂಡಿತ್ತು.

ಈಗ ವಸ್ತುವೇ ರೂಪ ಬದಲಿಸಿದೆ. ಬೋನಿ ದ್ವೀಪದ ಸ್ಥಾವರದಲ್ಲಿ ಅನಿಲವನ್ನು ಸೊನ್ನೆಗಿಂತ 162 ಡಿಗ್ರಿ ಕೆಳಕ್ಕೆ ತಂಪಿಸಿ, ಗಾತ್ರವನ್ನು ಸುಮಾರು ಆರುನೂರರಲ್ಲೊಂದು ಭಾಗಕ್ಕೆ ಇಳಿಸಿ, ದ್ರವವಾಗಿ ಹಡಗಿಗೆ ತುಂಬುತ್ತಾರೆ. ಅದರ ಮೊದಲ ಹಡಗು ಹೊರಟದ್ದು 1999ರಲ್ಲಿ. ಬಂಡವಾಳದ ಅಂತಿಮ ನಿರ್ಧಾರವಾದದ್ದು 1995ರ ನವೆಂಬರಿನಲ್ಲಿ, ಅಂದರೆ ಗಲ್ಲಿನ ತಿಂಗಳಿನಲ್ಲಿಯೇ. ಷೆಲ್ 2025ರ ಮಾರ್ಚಿಯಲ್ಲಿ ಮುಖಜಭೂಮಿಯ ತನ್ನ ಭೂಭಾಗದ ವ್ಯವಹಾರವನ್ನು ರಿನೈಸಾನ್ಸ್ ಎಂಬ ಒಕ್ಕೂಟಕ್ಕೆ ಮಾರಿ ಹೊರಬಂದಿತು. ಬೋನಿಯ ದ್ರವಾನಿಲ ಸಂಸ್ಥೆಯಲ್ಲಿ ನೂರಕ್ಕೆ 25.6ರ ಪಾಲನ್ನು ಉಳಿಸಿಕೊಂಡಿತು. ಉರಿಯುವ ಬಾಯಿಗಳು ಇತರರ ಪಾಲಿಗೆ, ತಂಪಾದ ಹಡಗು ತನ್ನ ಪಾಲಿಗೆ. ಉರಿ ಮೊದಲಿಗಿಂತ ಬಹಳ ಕಡಿಮೆಯಾಗಿದೆಯೆಂಬುದನ್ನು ಹೇಳದಿರುವುದು ಅನ್ಯಾಯ; ಆದರೂ ಅತಿ ಹೆಚ್ಚು ಅನಿಲವನ್ನು ಉರಿಸುವ ದೇಶಗಳ ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ನೈಜೀರಿಯದ ಹೆಸರು ಇನ್ನೂ ಇದೆ. ಉರಿಯನ್ನಾದರೂ ಕಣ್ಣು ಕಂಡಿತು, ಹಬೀಲಾ ಕಂಡರು. ಬಣ್ಣವೂ ಹೊಗೆಯೂ ಇಲ್ಲದೆ ದೂರದ ಬಂದರಿಗೆ ಸಾಗುವ ದ್ರವವನ್ನು ಯಾವ ವಿಭಾವವಾಗಿಸಬೇಕು ಎಂಬುದು ಅಲ್ಲಿಯ ಮುಂದಿನ ಲೇಖಕರ ತೊಡಕು.

ನಮ್ಮ ಕಾಲೇಜುಗಳ ಪಠ್ಯಗಳಲ್ಲಿ ನೈಜೀರಿಯವೆಂದರೆ ಅಚಿಬೆ, ಸೋಯಿಂಕಾ ಎಂಬಷ್ಟಕ್ಕೆ ನಿಲ್ಲುವುದುಂಟು. ಅವರನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ‘ನೈಟ್ ರೈಡ್’ ಕಥೆಯನ್ನೂ, ಹಬೀಲಾ ಅವರ ವೈದ್ಯನ ಉಪಾಖ್ಯಾನವನ್ನೂ, ಇವೆರೆಕಾನ್ ತೀರ್ಪಿನ ಕೊನೆಯ ಭಾಗವನ್ನೂ ಒಂದೇ ವಾರದಲ್ಲಿ, ಈ ಕ್ರಮದಲ್ಲಿಯೇ, ತರಗತಿಯಲ್ಲಿ ಓದಿಸಿ ನೋಡಬಹುದು. ಕಥೆಯ ಮುದುಕಿ ಕೇಳಿದ ಪ್ರಶ್ನೆಗೆ ತೀರ್ಪಿನಲ್ಲಿ ಎಷ್ಟು ಉತ್ತರವಿದೆಯೆಂಬುದನ್ನು ವಿದ್ಯಾರ್ಥಿಗಳೇ ಹುಡುಕಲಿ.